ತಾಟು ಹಿಡಿದ ಕೈ

ಹೋದ ವಾರ ನಮ್ಮ ಓಣಿಗೆ ಮರಂ ತಂದು ಸುರಿದರು. ಶಹಾಪುರದ ನಮ್ಮ ಓಣಿಯಲ್ಲಿ ರಸ್ತೆ ಮಾಡುವುದೆಂದರೆ ಮೊದಲು ಇದ್ದ ರಸ್ತೆಯನ್ನು ಕಿತ್ತುಹಾಕಿ ಮೂರು ತಿಂಗಳು ಮರೆತುಬಿಡುವುದು. ಆಮೇಲೆ ಒಂದು ದಿನ ನೆನಪಾದವರ ಹಾಗೆ ಟಿಪ್ಪರಿನಲ್ಲಿ ಕೆಂಪು ಗರಸು ಮಣ್ಣು ತಂದು ಎಲ್ಲರ ಬಾಗಿಲ ಮುಂದೆ ಗುಡ್ಡೆ ಹಾಕುವುದು. ಸಂಜೆ ನಾಲ್ಕು ಹನಿ ಮಳೆ ಬಿತ್ತು. ಒಣಹಾಕಿದ ಬಟ್ಟೆ ತೆಗೆಯಲು ಅಂಗಳಕ್ಕೆ ಓಡಿದವಳು ಹಾಗೇ ನಿಂತುಬಿಟ್ಟೆ. ಒದ್ದೆ ಗರಸಿನ ವಾಸನೆ ಮೂಗಿಗೆ ಬಡಿದಿತ್ತು. ಮಳೆ ಬಿದ್ದ ಮಣ್ಣಿನ ವಾಸನೆಗೆ ಜನ ಖುಷಿಪಡುತ್ತಾರೆ. ನನಗೆ ಸಿಟ್ಟು ಬರುತ್ತದೆ. ಹನ್ನೆರಡು ವರ್ಷವಾದರೂ ಆ ಸಿಟ್ಟು ಆರಿಲ್ಲ.

ಆಗ ನಾನು ಬಿ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಜಲಾನಯನ ಯೋಜನೆಯಲ್ಲಿ ಒಂದು ವರ್ಷದ ಕೆಲಸ ಸಿಕ್ಕಿತು. ಸುರಪುರದ ದಾರಿಯಲ್ಲಿ ಬಸ್ ಇಳಿದು ಎರಡು ಮೈಲಿ ಒಳಗೆ ನಡೆದರೆ ಸಿಗುವ ಊರು. ಹೆಸರು ಬರೆಯುವುದಿಲ್ಲ, ಅಲ್ಲಿಯವರು ಇನ್ನೂ ಅಲ್ಲೇ ಬಾಳುವವರು. ಊರ ಬೆನ್ನಿಗೆ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಒಂದು ಸೇದುವ ಬಾವಿ. ಬೋರುಗಳೂ ಇದ್ದವು. ಆದರೆ ಫ್ಲೋರೈಡ್ ತುಂಬಿದ ಬೋರಿನ ನೀರು ಕುಡಿದು ಬೆಳೆದ ಮಕ್ಕಳು ನಕ್ಕರೆ ಹಲ್ಲು ಕಂದು ಕಂದಾಗಿ ಕಾಣುತ್ತಿದ್ದವು, ವಯಸ್ಸಾದವರ ಮೊಣಕಾಲು ಮಡಚುತ್ತಿರಲಿಲ್ಲ. ಕುಡಿಯಲು ಯೋಗ್ಯವಾದದ್ದು ಬಾವಿಯ ನೀರೊಂದೇ. ಅದು ಸರಿಯಾಗಿ ಶಿವರಾತ್ರಿಯ ಹೊತ್ತಿಗೆ ತಳ ಕಾಣುತ್ತಿತ್ತು, ಅಲ್ಲಿಂದ ಮಳೆಗಾಲದವರೆಗೆ ಬೋರೇ ಗತಿ. ಬಾವಿಗೆ ನೀರು ಸೇದುವ ಎರಡು ಗಡಗಡಿ, ಅಂದರೆ ರಾಟೆ, ಹಾಕಿದ್ದರು. ಒಂದು ಊರವರಿಗೆ, ಇನ್ನೊಂದು ನನ್ನ ಹಾಗೆ ಗೋಡೆಗೆ ಬುದ್ಧನ ಪಟ ತೂಗುಹಾಕಿಕೊಂಡ ಕೇರಿಯವರಿಗೆ. ಬಾವಿ ಬತ್ತುವಾಗ ಮಾತ್ರ ಎರಡೂ ಗಡಗಡಿಗೆ ಒಂದೇ ದಿನ ಬತ್ತುತ್ತಿತ್ತು. ಆ ಬಾವಿಯಲ್ಲಿ ವರ್ಷಪೂರ್ತಿ ನೀರು ನಿಲ್ಲಬೇಕು, ಅದು ನಮ್ಮ ಯೋಜನೆಯ ಗುರಿ.

ಮೊದಲ ಸಭೆಯಲ್ಲಿ ತರಬೇತಿಯವರು ಕೊಟ್ಟಿದ್ದ ಬಣ್ಣದ ನಕ್ಷೆಯನ್ನು ಗುಡಿಯ ಕಟ್ಟೆಯ ಗೋಡೆಗೆ ಅಂಟಿಸಿ ಅರ್ಧ ತಾಸು ಮಾತಾಡಿದೆ. ಜಲಾನಯನ, ಅಂತರ್ಜಲ, ಮರುಪೂರಣ. ಜನ ನಕ್ಷೆಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ಹೆಂಗಸೊಬ್ಬಳು ಆಕಳಿಸಿದಳು. ಆಗ ಎದ್ದು ನಿಂತವರು ಬಸಲಿಂಗಪ್ಪ ಮಾಸ್ತರು. ಮಾಸ್ತರಿಕೆಯಿಂದ ನಿವೃತ್ತರಾಗಿ ಊರಿಗೆ ಬಂದು ನೆಲೆಸಿದ್ದರು. ಜಲಾನಯನ ಸಮಿತಿಗೆ ಅಧ್ಯಕ್ಷರಾಗಿ ಅವರನ್ನೇ ಆರಿಸಿದ್ದರು.

"ಏ, ಇಲ್ಲಿ ಕೇಳ್ರಿ," ಎಂದರು. "ನಿಮ್ಮ ಮಾಳಿಗಿ ಮ್ಯಾಲ ಬಿದ್ದ ಮಳಿ ಎಲ್ಲಿ ಇಳೀತದ?"

"ದೋಣ್ಯಾಗ್ರಿ," ಎಂದರು ಯಾರೋ. ನಮ್ಮ ಕಡೆಯ ಮಣ್ಣಿನ ಮಾಳಿಗೆಗಳಿಂದ ನೀರು ಕೆಳಗಿಳಿಯಲು ಒಂದು ಮೂಲೆಯಲ್ಲಿ ದೋಣಿ ಇಟ್ಟಿರುತ್ತಾರೆ.

"ಮಗ್ಗಲ ಮನಿ ದೋಣ್ಯಾಗ ಯಾಕ ಇಳಿಯಂಗಿಲ್ಲ?"

"ನಡುವ ಕುಂಬಿ ಐತಲ್ರಿ." ಮಾಳಿಗೆಯ ಅಂಚಿಗೆ ಕಟ್ಟುವ ಗಿಡ್ಡ ಗೋಡೆಗೆ ನಮ್ಮಲ್ಲಿ ಕುಂಬಿ ಎನ್ನುತ್ತಾರೆ.

"ಬರೋಬ್ಬರಿ. ಈ ಗುಡ್ಡ ಊರಿನ ಮಾಳಿಗಿ. ಗುಡ್ಡದ ನೆತ್ತಿ ಕುಂಬಿ ಇದ್ದಂಗ. ಹಳ್ಳ ದೋಣಿ. ದೋಣಿ ಕೆಳಗ ಇಟ್ಟ ಕೊಡ ನಮ್ಮ ಬಾವಿ. ಈಗ ಏನಾಗೇದ ಅಂದ್ರ, ಮಾಳಿಗಿ ಬೋಳಾಗೇದ. ಬಿದ್ದ ಮಳಿ ಧೋ ಅಂತ ಒಮ್ಮಿಗೇ ಇಳದು ಹೋಗತದ, ಕೊಡ ತುಂಬೂದಿಲ್ಲ. ಅದನ್ನ ಅಲ್ಲಲ್ಲೇ ನಿಲ್ಲಿಸಿ, ಇಂಗಿಸಿ, ಜರಾ ಜರಾ ಇಳಿಸಬೇಕು. ಮತ್ತ ಕುಂಬಿ ಒಡೀಬಾರದು. ಒಡದ್ರ ನಿಮ್ಮ ನೀರು ಮಗ್ಗಲ ಮನಿಗಿ."

ನನ್ನ ಅರ್ಧ ತಾಸಿನ ಭಾಷಣ ಅವರ ಅರ್ಧ ನಿಮಿಷದಲ್ಲಿ ಮುಗಿದುಹೋಯಿತು. ಆವತ್ತಿನಿಂದ ಅವರು ನನಗೆ ಗುರುಗಳಾದರು. ನಾಟಕಕ್ಕೆ ಹೇಳುತ್ತಿಲ್ಲ. ತರಬೇತಿಯಲ್ಲಿ ನನಗೆ ಬಾಯಿಪಾಠವಾಗಿದ್ದದ್ದನ್ನು ನಿಜವಾಗಿ ತಿಳಿಸಿಕೊಟ್ಟವರು ಅವರೇ.

ಯುಗಾದಿ ಮುಗಿದ ಮೇಲೆ ಗುಡ್ಡ ಹತ್ತಿದೆವು. ಗುಡ್ಡಕ್ಕೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ಉದ್ದುದ್ದಕ್ಕೆ ಕಂದಕ ತೋಡಬೇಕು. ಮಟ್ಟ ಒಂದು ಗೇಣು ತಪ್ಪಿದರೂ ನೀರು ನಿಲ್ಲದೆ ಒಂದು ಕಡೆಗೆ ಓಡುತ್ತದೆ. ಮಟ್ಟ ಹಿಡಿಯಲು ನಮ್ಮ ಬಳಿ ಇದ್ದದ್ದು ನೀರು ತುಂಬಿದ ಒಂದು ಉದ್ದನೆಯ ಪಾರದರ್ಶಕ ಪೈಪು. ಒಂದು ತುದಿ ಮಾಸ್ತರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಎರಡೂ ತುದಿಯ ನೀರು ಸಮ ಬಂದ ಜಾಗದಲ್ಲಿ ಸುಣ್ಣದ ಪುಡಿಯ ಗೆರೆ ಎಳೆಯುವುದು. ಆ ಬಂಡೆಗಳ ನಡುವೆ ಬೆಳಿಗ್ಗೆ ಒಂಬತ್ತಕ್ಕೇ ಕಾಲು ಸುಡುತ್ತಿತ್ತು. ಮಾಸ್ತರು ತಲೆಗೆ ಟವೆಲು ಸುತ್ತಿಕೊಂಡು ನಗುತ್ತಿದ್ದರು. "ಸುಜಾತಾ, ಮನಷ್ಯಾನ ಕಣ್ಣು ಸುಳ್ಳು ಹೇಳತದ, ಪೈಪಿನ್ಯಾಗಿನ ನೀರು ಹೇಳಂಗಿಲ್ಲ ನೋಡು."

ಮಧ್ಯಾಹ್ನ ಅವರ ಮನೆಯಲ್ಲೇ ನನ್ನ ಊಟ. ಮೊದಲ ದಿನ ನಾನು ಪಡಸಾಲೆಯಲ್ಲೇ ಕೂತೆ, ನಮ್ಮವರು ಅಲ್ಲಿಯವರೆಗೇ ಹೋಗಿ ರೂಢಿ. ಮಾಸ್ತರು ಒಳಗಿನಿಂದ ಕೂಗಿದರು. "ಅಲ್ಯಾಕ ಕುಂತಿ? ರೊಟ್ಟಿ ಬಿಸಿ ಇರೋದು ಒಲಿ ಮುಂದ. ಒಳಗ ಬಾ." ಒಳಗೆ ಹೋಗಿ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ, ಪುಂಡಿಪಲ್ಯ ಉಂಡೆ. ಮನೆಯ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಆದರೂ ಬಡಿಸಿದರು. ಆ ಊಟವನ್ನು ನಾನು ಮರೆತಿಲ್ಲ. ಮರೆಯಲು ಬಂದಿದ್ದರೆ ಆಮೇಲಿನದನ್ನು ಸಹಿಸಿಕೊಳ್ಳುವುದು ಸುಲಭವಾಗುತ್ತಿತ್ತು.

ಕಂದಕ ತೋಡಿದರೆ ಸಾಲದು. ಹುಲ್ಲು ಬೇರೂರಬೇಕು, ನೆಟ್ಟ ಸಸಿ ಉಳಿಯಬೇಕು, ಅಂದರೆ ಗುಡ್ಡದಲ್ಲಿ ಮೇಯಿಸುವುದು ನಿಲ್ಲಬೇಕು. ಅಲ್ಲಿ ತೊಡಕಾದವಳು ಹಣಮವ್ವ. ನಲವತ್ತು ಕುರಿಗಳ ಒಡತಿ. ಕುರಿಯವರ ಪರವಾಗಿ ಸಮಿತಿಯ ಸದಸ್ಯೆಯೂ ಹೌದು. ಗಂಡ ತೀರಿಹೋದ ಮೇಲೆ ಒಬ್ಬಳೇ ಆ ಗುಡ್ಡದಲ್ಲಿ ಕುರಿ ಕಾದವಳು. ಸಭೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಗುಡ್ಡ ಬಂದ್ ಮಾಡಿದ್ರ ನನ್ನ ಕುರಿ ಏನ್ ತಿನ್ನಬೇಕು? ನಿನ್ನ ಬುಕ್ ತಿನ್ನತಾವೇನ ತಂಗಿ?"

ಎಲ್ಲರೂ ನಕ್ಕರು. ನನ್ನ ಕೈಯಲ್ಲಿ ಸಮಿತಿಯ ದೊಡ್ಡ ಪುಸ್ತಕವಿತ್ತು. ಮಾಸ್ತರು ಗದರಿಸಲಿಲ್ಲ. "ಹಣಮವ್ವಾ, ನಿನ್ನ ಮೊಮ್ಮಗಳ ಹಲ್ಲು ನೋಡಿಯೇನು?" ಎಂದಷ್ಟೇ ಕೇಳಿದರು. ಅವಳು ಸೊಂಟದ ಮೇಲಿನ ಕೈ ತೆಗೆದು ಕೂತಳು.

ಆ ಊರಲ್ಲಿ ಒಂದು ಪದ್ಧತಿಯಿದೆ. ಊರಿಗೆಲ್ಲ ಸೇರಿದ ಮಾತು ಗಟ್ಟಿಯಾಗಬೇಕಾದರೆ ಕಾಗದದ ಮೇಲಿನ ಸಹಿ ಅವರಿಗೆ ಲೆಕ್ಕಕ್ಕಿಲ್ಲ. ಬೀರಪ್ಪನ ಗುಡಿಯಿಂದ ಹಿತ್ತಾಳೆಯ ತಾಟಿನ ತುಂಬ ಭಂಡಾರ ತೆಗೆದುಕೊಂಡು ಮನೆಮನೆಗೆ ಹೋಗುತ್ತಾರೆ. ಮನೆಯ ಹಿರಿಯರು ಆ ಅರಿಸಿನ ಪುಡಿಯಲ್ಲಿ ಬಲಗೈ ಅದ್ದಿ ಹಣೆಗೆ ಹಚ್ಚಿಕೊಂಡರೆ ಮುಗಿಯಿತು, ಆ ಮಾತಿನಿಂದ ಹಿಂದೆ ಸರಿಯುವ ಹಾಗಿಲ್ಲ. ಮಿರಗದ, ಅಂದರೆ ಮೃಗಶಿರಾ ಮಳೆಗೆ ಇನ್ನೇನು ಎಂಟು ದಿನ ಇರುವಾಗ ಮಾಸ್ತರು ಆ ತಾಟು ಹೊರಡಿಸಿದರು. ಭಾರವಾದ ತಾಟು, ಒಂದು ಕೈಯಲ್ಲಿ ಆಗುವುದಲ್ಲ. ಮಾಸ್ತರು ಎರಡೂ ಕೈಯಲ್ಲಿ ಹಿಡಿದು ಮುಂದೆ, ನಾನು ಪುಸ್ತಕ ಪೆನ್ನು ಹಿಡಿದು ಹಿಂದೆ. "ಗುಡ್ಡಕ್ಕ ಕುರಿ ಬಿಡಂಗಿಲ್ಲ, ಕೊಡಲಿ ಹಚ್ಚಂಗಿಲ್ಲ, ಗುದ್ದಲಿ ಹಚ್ಚಂಗಿಲ್ಲ," ಎಂದು ಅವರು ಹೇಳುವುದು, ಮನೆಯವರು ಕೈ ಅದ್ದುವುದು, ನಾನು ಹೆಸರು ಬರೆಯುವುದು. ಬುದ್ಧನ ಪಟದ ಕೇರಿಯವರು ಭಂಡಾರ ಮುಟ್ಟುವವರಲ್ಲ. ಬಾವಿಯ ನೀರನ್ನು ಚರಿಗೆಯಲ್ಲಿ ತರಿಸಿ ಅದರಲ್ಲಿ ಕೈ ಅದ್ದಿ ಮಾತು ಕೊಟ್ಟರು. ಅದೂ ಆಣೆಯೇ ಎಂದು ಮಾಸ್ತರು ಎಲ್ಲರ ಎದುರಿಗೆ ಹೇಳಿದಾಗ ನನಗೆ ಹೆಮ್ಮೆಯಾಯಿತು.

ಕೊನೆಗೆ ಹಣಮವ್ವನ ಮನೆ. ಅವಳು ತಾಟನ್ನು ನೋಡಿದಳು.

"ಎಷ್ಟು ದಿನ?"

"ಗುಡ್ಡದ ಮ್ಯಾಲ ಗಿಡ ನಿನ್ನ ಎದಿಯೆತ್ತರ ಬೆಳೆಯೋ ತನಕ," ಎಂದರು ಮಾಸ್ತರು.

ಅವಳು ಬೆರಳ ತುದಿಯನ್ನಲ್ಲ, ಇಡೀ ಅಂಗೈಯನ್ನೇ ಭಂಡಾರದಲ್ಲಿ ಊರಿ ಹಣೆಗೆ ಬಡಿದುಕೊಂಡಳು. ಮರುದಿನವೇ ಕುರಿ ಹೊಡೆದುಕೊಂಡು ಕೊಡೇಕಲ್ ಕಡೆ, ಕಾಲುವೆಯ ಸೀಮೆಗೆ ಹೊರಟುಹೋದಳು.

ಆ ವರ್ಷ ಮಿರಗ ಕೈಕೊಟ್ಟಿತು. ಜನ ಕಂದಕಗಳನ್ನು ತೋರಿಸಿ ನನ್ನನ್ನು ಚುಡಾಯಿಸಿದರು. ಆಮೇಲೆ ಒಂದು ಮಧ್ಯಾಹ್ನ ಮೂಡಣದಿಂದ ಮೋಡ ಕವಿದು, ಎರಡು ತಾಸು ಕೊಡದಿಂದ ಸುರಿದ ಹಾಗೆ ಸುರಿಯಿತು. ಮಳೆ ನಿಲ್ಲುವುದಕ್ಕೂ ಕಾಯದೆ ಮಾಸ್ತರು, ನಾನು ಗುಡ್ಡ ಹತ್ತಿದೆವು. ಮೇಲಿನಿಂದ ಕೆಳಗಿನವರೆಗೆ ಸಾಲು ಸಾಲು ಕಂದಕಗಳಲ್ಲಿ ಕೆಂಪು ನೀರು ಅಲುಗಾಡದೆ ನಿಂತಿತ್ತು. ಒಂದೇ ಒಂದು ಕಡೆಯೂ ಮಟ್ಟ ತಪ್ಪಿರಲಿಲ್ಲ. ಮಾಸ್ತರು ಆ ವಯಸ್ಸಿನಲ್ಲಿ ಕೇಕೆ ಹಾಕಿದರು. ನಾನು ಅತ್ತುಬಿಟ್ಟೆ. ಎರಡು ದಿನ ಬಿಟ್ಟು ಹಳ್ಳ ಬಂತು, ಎಂದಿನ ಹಾಗೆ ಮಣ್ಣು ಹೊತ್ತು ಅಬ್ಬರಿಸಿಕೊಂಡು ಬರದೆ, ತಿಳಿಯಾಗಿ, ನಿಧಾನವಾಗಿ, ವಾರಗಟ್ಟಲೆ ಹರಿಯಿತು. ಉತ್ತರಿ, ಹಸ್ತ ಮಳೆಗಳು ಕೂಡ ಕೈಹಿಡಿದವು.

ದೀಪಾವಳಿ ಮುಗಿದ ಮೇಲೆ ಹಣಮವ್ವ ವಾಪಸು ಬಂದಳು. ಕುರಿಗಳು ಮೂವತ್ತೊಂದು.

"ಒಂಬತ್ತು ಹೋದ್ವು ತಂಗಿ. ಎಣ್ಣಿ ಹೊಡದಿದ್ದ ಹೊಲದ ಬದುವಿನ ಹುಲ್ಲು ತಿಂದ್ವು. ಗೊತ್ತಾಗಲಿಲ್ಲ," ಎಂದಳು. ಎಣ್ಣಿ ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಅವಳು ಬಾವಿಗೆ ಹೋಗಿ ಬಗ್ಗಿ ನೋಡಿ, ಒಂದು ಕೊಡ ಸೇದಿ, ಬೊಗಸೆಯಲ್ಲಿ ಕುಡಿದಳು. "ನೀರು ಐತಿ," ಎಂದಳು. ಅಷ್ಟೇ. ಆ ವರ್ಷ ಶಿವರಾತ್ರಿಗೆ ಬಾವಿಯಲ್ಲಿ ಎರಡಾಳು ನೀರಿತ್ತು. ಹೆಂಗಸರು ಸುಮ್ಮಸುಮ್ಮನೆ ಬಾವಿಗೆ ಬಂದು ನೋಡಿಕೊಂಡು ಹೋಗುತ್ತಿದ್ದರು. ಗುಡ್ಡದಲ್ಲಿ ಹುಲ್ಲು ಮೊಣಕಾಲೆತ್ತರ, ಹೊಂಗೆ ಸಸಿಗಳು ಗೇಣುದ್ದ.

ನನ್ನ ಕೆಲಸ ಮುಗಿಯಲು ಒಂದು ತಿಂಗಳಿತ್ತು. ಒಂದು ದಿನ ಊಟವಾದ ಮೇಲೆ ಮಾಸ್ತರು ಬಿಳಿ ಹಾಳೆ ಮುಂದಿಟ್ಟರು. "ನಿನ್ನ ಅಕ್ಷರ ಮುತ್ತಿನಂಗ ಅದಾವ, ನೀನೇ ಬರಿ." ಅವರು ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ. ಊರಿನ ರಸ್ತೆ ಕಾಮಗಾರಿಗೆ ಗುಡ್ಡದಿಂದ ಮರಂ ತೆಗೆಯಲು ಸಮಿತಿಯ ತಕರಾರು ಇರುವುದಿಲ್ಲ ಎಂದು ಬಂದಾಗ ಪೆನ್ನು ನಿಂತಿತು.

"ಸರ್, ಗುದ್ದಲಿ ಹಚ್ಚಂಗಿಲ್ಲಂತ ಆಣಿ ಮಾಡ್ಯಾರಲ್ರಿ ಎಲ್ಲಾರೂ?"

"ಅದು ನಮ್ಮ ಮಗ್ಗಲಿಗವ್ವಾ. ಇದು ಹಿಂಬದಿಗೆ. ಹಿಂಬದಿ ನೀರು ನಮ್ಮ ಬಾವಿಗಿ ಬರೂದಿಲ್ಲ, ನಿನಗ ಗೊತ್ತೇ ಅದಲ್ಲ. ಎರಡು ಟ್ರ್ಯಾಕ್ಟರ್ ಮಣ್ಣು. ಊರಿಗಿ ರಸ್ತಿ ಬರತದ."

ಮಾತು ಖರೆ ಇತ್ತು. ಹಿಂಬದಿಯ ನೀರು ಆಚೆಯ ಊರಿಗೆ ಇಳಿಯುವುದು. ಆದರೆ ಹಾಳೆಯಲ್ಲಿ 'ಹಿಂಬದಿ' ಎಂಬ ಪದ ಇರಲಿಲ್ಲ. ಬರಿ ಗುಡ್ಡ ಎಂದಿತ್ತು. ಬರೆದವಳು ನಾನೇ, ನನಗೇ ಅದು ಹೊಳೆಯಲಿಲ್ಲ. ಒಲೆಯ ಮುಂದೆ ಕೂರಿಸಿ ರೊಟ್ಟಿ ಕೊಟ್ಟವರ ಮಾತಿನಲ್ಲಿ ಪದ ಹುಡುಕುವ ಬುದ್ಧಿ ನನಗಿರಲಿಲ್ಲ. ಮಾಸ್ತರು ತಾವೇ ಆ ಹಾಳೆ ಹಿಡಿದು ಸದಸ್ಯರ ಮನೆಗಳಿಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ಬಂದರು. ವರ್ಷವಿಡೀ ನನ್ನ ಅಕ್ಷರದ ಕೆಳಗೆ ಒತ್ತಿ ಒತ್ತಿ ಸದಸ್ಯರಿಗೆ ರೂಢಿಯಾಗಿತ್ತು.

ಹತ್ತು ದಿನಕ್ಕೆ ಜೆಸಿಬಿ ಬಂತು. ಹಿಂಬದಿಯಲ್ಲಿ ಶುರುವಾಯಿತು, ನಿಜ. ನಾಲ್ಕು ದಿನದಲ್ಲಿ ನೆತ್ತಿಗೆ ಬಂತು. ಆರನೆಯ ದಿನ ನಾನು ಏದುಸಿರು ಬಿಡುತ್ತಾ ಮೇಲೆ ಹತ್ತಿದಾಗ ನೆತ್ತಿಯೇ ಇರಲಿಲ್ಲ. ನಾವು ಮೊಟ್ಟಮೊದಲು ಸುಣ್ಣದ ಗೆರೆ ಎಳೆದ ಜಾಗದಲ್ಲಿ ಟಿಪ್ಪರು ನಿಂತಿತ್ತು. ಅಗೆದ ಮಣ್ಣು ಜಾರಿ ಮೇಲಿನ ಕಂದಕಗಳು ಅರ್ಧ ಮುಚ್ಚಿದ್ದವು. ಅಲ್ಲಿಂದ ನೇರ ಮಾಸ್ತರ ಮನೆಗೆ ಓಡಿದೆ. ಅವರು ಪಡಸಾಲೆಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದರು.

"ಕುಂಬಿ ಒಡದಾರ್ರಿ ಸರ್! ಕುಂಬಿ ಒಡದ್ರ ನೀರು ಮಗ್ಗಲ ಮನಿಗಿ ಅಂತ ನೀವೇ ಹೇಳಿದ್ರಲ್ರಿ!"

"ಕುಂದರು," ಎಂದರು. ನಾನು ಕೂರಲಿಲ್ಲ. "ರಸ್ತಿ ಕೆಲಸ ನಮ್ಮ ಅಳಿಯಂದು," ಎಂದರು ಅಡಿಕೆಯಿಂದ ಕಣ್ಣೆತ್ತದೆ. "ಹತ್ತಿರ ಮರಂ ಬೇಕಂತ ಹಟ ಹಿಡದಾನ. ಮಗಳಿಗಿ ಅಲ್ಲಿ ಬಾಳೇ ಮಾಡಬೇಕದವ್ವಾ. ನಿನಗ ತಿಳಿಯಂಗಿಲ್ಲ."

"ಮತ್ತ ಆಣಿ? ಊರಿಗೆಲ್ಲಾ ಭಂಡಾರ ಮುಟ್ಟಿಸಿದ್ರಲ್ಲ?"

ಆಗ ಅವರು ತಲೆಯೆತ್ತಿದರು. ಒಂದು ಪಾಠವನ್ನು ಸಾವಕಾಶವಾಗಿ ಬಿಡಿಸಿ ಹೇಳುವ ಅದೇ ಮಾಸ್ತರ ದನಿಯಲ್ಲಿ ಹೇಳಿದರು. "ನಾ ಎಲ್ಲಿ ಆಣಿ ಮಾಡೀನವ್ವಾ? ನನ್ನ ಎರಡೂ ಕೈಯಾಗ ತಾಟಿತ್ತಲ್ಲ."

ನನ್ನ ಮೈಯೆಲ್ಲ ಉರಿದುಹೋಯಿತು. ಸಿಟ್ಟಿನಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟಿದ್ದರೆ ಕ್ಷಮಿಸುತ್ತಿದ್ದೆನೇನೋ. ಇದು ಹಾಗಲ್ಲ. ಅವರು ಕೂತು ಯೋಚಿಸಿದ್ದರು, ತಾಟು ಹಿಡಿದ ಕೈ ಆಣೆ ಮಾಡಿದ ಹಾಗಲ್ಲ ಎಂದು ತಮಗೆ ತಾವೇ ಒಪ್ಪಿಸಿಕೊಂಡಿದ್ದರು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಏನೆಂದು ನನಗೆ ಆವತ್ತು ಗೊತ್ತಾಯಿತು. ಕೊಯ್ಯುವವರು ಕೆಟ್ಟವರ ಹಾಗೆ ಕಾಣುವುದಿಲ್ಲ, ಊಟಕ್ಕೆ ನಿಲ್ಲು ಎನ್ನುತ್ತಾರೆ. ಅವರು ನಿಜಕ್ಕೂ ಎಂದರು. "ಹೊತ್ತಾಗೇದ, ಉಂಡು ಹೋಗು."

ತಕರಾರು ಅರ್ಜಿ ಹಿಡಿದು ಕಚೇರಿಗೆ ಹೋದೆ. ಅಲ್ಲಿದ್ದವರು ಕಡತ ತೆಗೆದು ನನ್ನ ಮುಂದೆಯೇ ಇಟ್ಟರು. ಅದರಲ್ಲಿ ಆ ಹಾಳೆ, ಮುತ್ತಿನಂಥ ನನ್ನ ಅಕ್ಷರ. ಅರ್ಜಿಯ ಅಕ್ಷರವೂ ಹಾಳೆಯ ಅಕ್ಷರವೂ ಒಂದೇ ಎಂದು ನೋಡಿದವರಿಗೆ ಗೊತ್ತಾಗುತ್ತಿತ್ತು. ಅರ್ಜಿ ಮಡಚಿಕೊಂಡು ಹೊರಗೆ ಬಂದೆ. ಅಷ್ಟರಲ್ಲಿ ನನ್ನ ವರ್ಷವೂ ಮುಗಿಯಿತು. ಊರವರಿಗೆ ಹೇಳದೆ ಬಿಟ್ಟುಬಂದೆ. ಇದನ್ನು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ: ಹೇಳದೆ ಬಂದೆ.

ಮೊನ್ನೆ ಭಾನುವಾರ, ಓಣಿಯ ಆ ವಾಸನೆ ತಡೆಯಲಾಗದೆ, ಹೋದೆ. ಈಗ ಬಸ್ಸು ಊರ ಒಳಗೇ ಹೋಗುತ್ತದೆ. ರಸ್ತೆ ಚೆನ್ನಾಗಿದೆ, ಸುಳ್ಳು ಹೇಳಬಾರದು. ಗುಡ್ಡದ ತಲೆ ಹಾರಿಹೋಗಿ, ಕೆಂಪು ಹೊಂಡ ಬಿದ್ದಿದೆ. ಅದರ ಇಳಿಜಾರು ಆಚೆ ಕಡೆಗೆ. ಕಂದಕಗಳು ಮುಚ್ಚಿ ನೆಲಸಮವಾಗಿವೆ. ಬಾವಿಯಲ್ಲಿ ಪ್ಲಾಸ್ಟಿಕ್ ಚೀಲ, ಒಡೆದ ಕೊಡ. ದೀಪಾವಳಿಗೇ ತಳ ಕಾಣುತ್ತದಂತೆ, ಮೊದಲಿಗಿಂತ ಮುಂಚೆ. ಗಡಗಡಿ ಎರಡೂ ಇಲ್ಲ. ಮಾಸ್ತರು ಈಗ ಮಗಳ ಊರಿನಲ್ಲಿದ್ದಾರಂತೆ. ಬೋರಿನ ಮುಂದೆ ಕೊಡ ಹಿಡಿದು ನಿಂತಿದ್ದ ಒಂದು ಹುಡುಗಿ ನನ್ನನ್ನು ನೋಡಿ ನಕ್ಕಳು. ನಾನು ಅವಳ ಹಲ್ಲು ನೋಡದೆ ಮುಂದೆ ಬಂದೆ.

ರಸ್ತೆಯ ಪಕ್ಕದ ಜಾಲಿಯ ನೆರಳಲ್ಲಿ ಹಣಮವ್ವ ಕೂತಿದ್ದಳು. ಕುರಿಗಳು ಹತ್ತೋ ಹನ್ನೆರಡೋ ಉಳಿದಿವೆ. ಬೆನ್ನು ಬಾಗಿದೆ. ನನ್ನ ಗುರುತು ಹಿಡಿದಳು. "ಬಾ ತಂಗಿ, ಕುಂದರು," ಎಂದಳು. ಕುರಿಗಳು ರಸ್ತೆಯ ಅಂಚಿನ ದೂಳು ಹತ್ತಿದ ಗರಿಕೆ ಕೀಳುತ್ತಿದ್ದವು. ಎದುರಿಗೇ ಗುಡ್ಡ.

"ಗುಡ್ಡಕ್ಕ ಬಿಡಬಾರದೇನು ಯವ್ವಾ? ಈಗ ಕೇಳೋರು ಯಾರಿದ್ದಾರ?" ಎಂದೆ.

"ಗಿಡ ನನ್ನ ಎದಿಯೆತ್ತರ ಬೆಳದಾವೇನು?"

ನಾನು ಗುಡ್ಡ ನೋಡಿದೆ. ಅಲ್ಲಿ ಗಿಡವೇ ಇರಲಿಲ್ಲ.

"ಭಂಡಾರ ಮುಟ್ಟೀನಲ್ಲ," ಎಂದಳು, ಮಳೆ ಬರುವ ಹಾಗಿದೆ ಎನ್ನುವಷ್ಟು ಸಾದಾ ಆಗಿ.

ಹನ್ನೆರಡು ವರ್ಷ ಯಾರಿಗೂ ಹೇಳದ್ದನ್ನು ಆಗ ಹೇಳಿಬಿಟ್ಟೆ. "ಮಾಸ್ತರು ಮುಟ್ಟಿರಲಿಲ್ಲ ಯವ್ವಾ. ಅವರ ಕೈಯಾಗ ತಾಟಿತ್ತು. ನಾನೂ ಯಾವ ನೀರೂ ಮುಟ್ಟಿರಲಿಲ್ಲ, ನನ್ನ ಕೈಯಾಗ ಪೆನ್ನಿತ್ತು. ಮರಂ ತೆಗೀಲಿಕ್ಕ ತಕರಾರಿಲ್ಲಂತ ಕಾಗದ ಬರದಾಕಿ ನಾನೇ."

ಅವಳು ಒಂದು ಮರಿಯನ್ನು ಹತ್ತಿರ ಎಳೆದುಕೊಂಡು ಅದರ ಕಾಲಿಗೆ ಚುಚ್ಚಿದ್ದ ಮುಳ್ಳನ್ನು ಕಿತ್ತಳು.

"ಗೊತ್ತೈತಿ," ಎಂದಳು. "ಹೆಬ್ಬೆಟ್ಟು ಒತ್ತಿಸಾಕ ಮಾಸ್ತರು ಬಂದಾಗ ಕೇಳಿದ್ನಿ, ಇದನ್ನ ಯಾರು ಬರದಾರ್ರಿ ಅಂತ. ಸುಜಾತಾ ಬರದಾಳ ಅಂದ್ರು. ಹಂಗಾರ ಸರಿ ಇರತೈತಿ ಅಂದು ಒತ್ತಿದ್ನಿ."

ಕೋಲು ಊರಿ ಎದ್ದು, ಕುರಿಗಳನ್ನು ಎಬ್ಬಿಸಿದಳು. ಅವಳ ಮನೆಗೆ ಗುಡ್ಡದ ಮೇಲಿಂದ ಹೋದರೆ ಹತ್ತು ನಿಮಿಷದ ದಾರಿ. ಅವಳು ಕುರಿಗಳನ್ನು ಹೊಡೆದುಕೊಂಡು ಗುಡ್ಡವನ್ನು ಸುತ್ತಿ ಹೋಗುವ ದೂರದ ದಾರಿ ಹಿಡಿದಳು.